ನೂರರವರೆಗೆ ಹೇಳುವ ಮಗು ಐದು ಬೀಜ ಕೊಡಲಾರದು, ಏಕೆ?

ಒಂದನೇ ತರಗತಿಗೆ ಸೇರಿಸಲು ಬಂದ ಪಾಲಕರು ಮಗುವಿನ ಜಾಣತನಕ್ಕೆ ಕೊಡುವ ಸಾಕ್ಷಿ ಅರಸೀಕೆರೆಯಲ್ಲೂ ಅದೇ, ಕೊಪ್ಪದಲ್ಲೂ ಅದೇ: "ಒಂದರಿಂದ ನೂರು ಹೇಳುತ್ತೆ, ಕೇಳಿ ನೋಡಿ." ಕೇಳಿದರೆ ಹೇಳುತ್ತದೆ ಕೂಡ, ಉಸಿರು ಬಿಡದೆ. ಅದೇ ಮಗುವಿನ ಮುಂದೆ ಒಂದಿಷ್ಟು ಹುಣಸೆ ಬೀಜ ಸುರಿದು "ಇದರಲ್ಲಿ ಐದು ಕೊಡು" ಎಂದರೆ ಒಂದು ಹಿಡಿ ಎತ್ತಿ ಕೈಗೆ ಹಾಕುವುದು ಅಪರೂಪವೇನಲ್ಲ. "ಎಣಿಸು" ಎಂದರೆ ಎಣಿಸುತ್ತದೆ. ಎಣಿಸಿ ಮುಗಿದ ಮೇಲೆ "ಹಾಗಾದ್ರೆ ಎಷ್ಟಿವೆ?" ಎಂದು ಕೇಳಿದರೆ ಉತ್ತರ ಹೇಳದೆ ಮತ್ತೆ "ಒಂದು, ಎರಡು…" ಎಂದು ಮೊದಲಿಂದ ಹಿಡಿಯುತ್ತದೆ. ಆ ಮಗುವಿನ ಪಾಲಿಗೆ "ಎಷ್ಟು" ಎಂಬುದು ಪ್ರಶ್ನೆಯಲ್ಲ, ಎಣಿಸುವ ಆಟ ಆಡು ಎಂಬ ಅಪ್ಪಣೆ. ಕೊನೆಯಲ್ಲಿ ಹೇಳಿದ ಪದವೇ ಇಡೀ ಗುಂಪಿನ ಲೆಕ್ಕ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ಚರ್ಚೆಯಾದದ್ದೆಲ್ಲ ವಯಸ್ಸಿನ ತಿಂಗಳುಗಳ ಬಗ್ಗೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ಬಂತು. ಪಾಲಕರ ಒತ್ತಾಯಕ್ಕೆ 2025–26ರ ಸಾಲಿಗೆ ಮಾತ್ರ ಅದು 5 ವರ್ಷ 5 ತಿಂಗಳಿಗೆ ಸಡಿಲವಾಯಿತು. ಆರಕ್ಕೆ ಸೇರಿದರೆ ಒಂದು ವರ್ಷ ಹಾಳು ಎಂಬ ಆತಂಕ ಒಂದು ಕಡೆ, ಇನ್ನೂ ಎಳೆಯ ಮಗು ಎಂಬ ಕಾಳಜಿ ಇನ್ನೊಂದು ಕಡೆ. ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಕಳೆಯುವ ಆ ವರ್ಷದಲ್ಲಿ ಮಗು ಸಂಖ್ಯೆಯ ಜೊತೆ ಏನು ಮಾಡಬೇಕು ಎಂಬ ಮಾತು ಮಾತ್ರ ಹೆಚ್ಚು ಕೇಳಿಬರಲಿಲ್ಲ. ಎಳೆಯರ ಓದು–ಲೆಕ್ಕದ ಅಡಿಪಾಯಕ್ಕಾಗಿ ಕೇಂದ್ರ ಸರ್ಕಾರ 2021ರ ಜುಲೈ 5ರಂದು ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಶಾಲಾಪೂರ್ವ ಹಂತಕ್ಕೆ ಇಟ್ಟ ಗುರಿ 10ರವರೆಗಿನ ಅಂಕಿ ಗುರುತಿಸಿ ಓದುವುದು. ಒಂದನೇ ತರಗತಿ ಮುಗಿಯುವಾಗ 99. ಹತ್ತರಿಂದ ತೊಂಬತ್ತೊಂಬತ್ತಕ್ಕೆ ಒಂದೇ ವರ್ಷದಲ್ಲಿ ಜಿಗಿಯಬೇಕಾದರೆ ಹತ್ತರೊಳಗಿನ ನೆಲ ಗಟ್ಟಿ ಇರಬೇಕು. ಆ ನೆಲವನ್ನು ನಾವು ಬಾಯಿಯಿಂದ ಪರೀಕ್ಷಿಸುತ್ತಿದ್ದೇವೆ. ಪರೀಕ್ಷಿಸಬೇಕಾದದ್ದು ಕೈಯಿಂದ.

ಒಂದು ಬಲ್ಲ ಮಗು, ಎರಡು ಬಲ್ಲ ಮಗು

ಎಣಿಕೆ ಒಂದೇ ಕೌಶಲದಂತೆ ಕಂಡರೂ ಹಾಗಿಲ್ಲ. 1978ರಲ್ಲಿ ರೋಶೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು ಅದನ್ನು ಐದು ತತ್ವಗಳಾಗಿ ಬಿಡಿಸಿದರು. ಒಂದು ವಸ್ತುವಿಗೆ ಒಂದೇ ಪದ, ಪದಗಳ ಕ್ರಮ ಬದಲಾಗಬಾರದು, ಕೊನೆಯ ಪದವೇ ಒಟ್ಟು ಲೆಕ್ಕ: ಈ ಮೂರು ಎಣಿಸುವ ವಿಧಾನಕ್ಕೆ ಸೇರಿದವು. ಯಾವ ವಸ್ತುವನ್ನಾದರೂ ಎಣಿಸಬಹುದು, ಎಲ್ಲಿಂದ ಶುರು ಮಾಡಿದರೂ ಉತ್ತರ ಅದೇ ಎಂಬುವು ಇನ್ನೆರಡು. ಇವುಗಳಲ್ಲಿ ಮಗು ಹೆಚ್ಚು ಕಾಲ ಎಡವುವುದು ಮೂರನೆಯದರಲ್ಲಿ.

ಎಡವುವ ಬಗೆಯೂ ಕುತೂಹಲದ್ದು. 1990ರಲ್ಲಿ ಮನೋವಿಜ್ಞಾನಿ ಕರೆನ್ ವಿನ್ "ಇಷ್ಟು ಕೊಡು" ಎಂಬ ಸರಳ ಪರೀಕ್ಷೆಯಿಂದ ಇದನ್ನು ತೋರಿಸಿದರು. ಮಗು ಮೊದಲು "ಒಂದು ಕೊಡು" ಎಂದರೆ ಮಾತ್ರ ಸರಿಯಾಗಿ ಕೊಡುತ್ತದೆ. ಎರಡು ಕೇಳಿ, ನಾಲ್ಕು ಕೇಳಿ, ಒಂದು ಹಿಡಿ. ಕೆಲವು ತಿಂಗಳಾದ ಮೇಲೆ ಎರಡು ದಕ್ಕುತ್ತದೆ, ಆಮೇಲೆ ಮೂರು. ಅಷ್ಟು ದಿನವೂ ಬಾಯಲ್ಲಿ ಹತ್ತರವರೆಗೆ ಸಲೀಸು! ಮೂರೋ ನಾಲ್ಕೋ ದಕ್ಕಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗುಟ್ಟು ಬಯಲಾಗಿ, ಎಷ್ಟು ಕೇಳಿದರೂ ಎಣಿಸಿ ಕೊಡಲು ಶುರು ಮಾಡುತ್ತದೆ. ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ವರ್ಷದ ನಡುವೆ ನಡೆಯುವ ಈ ಪಯಣ ಮನೆಯಲ್ಲಿ ಸಂಖ್ಯೆಯ ಮಾತು ಕಡಿಮೆಯಿದ್ದರೆ ತಡವಾಗುತ್ತದೆ.

ಹಾಗಾಗಿ ನಾಲ್ಕು ವರ್ಷದ ಮಗುವಿಗೆ "ಹತ್ತರವರೆಗೆ ಹೇಳು" ಎನ್ನುವ ಬದಲು "ಎರಡು ಲೋಟ ತಾ", "ಅಜ್ಜಿಗೆ ಮೂರು ಚಕ್ಕುಲಿ ಕೊಡು" ಎನ್ನಿ. ಎರಡು ದಿನ ತಪ್ಪಿಲ್ಲದೆ ತಂದರೆ ಮೂರಕ್ಕೆ ಹೋಗಿ. ಮೂರರಲ್ಲಿ ಹಿಡಿ ತುಂಬ ತಂದರೆ ಬೈಯುವ ಅಗತ್ಯವಿಲ್ಲ, ಅಲ್ಲೇ ನಿಲ್ಲಿ. ಮೂರನ್ನು ಬೇರೆ ಬೇರೆ ರೂಪದಲ್ಲಿ ತೋರಿಸಿ. ಮೂರು ಬೆರಳು, ಮೂರು ಚಪ್ಪಾಳೆ, ಒಲೆಯ ಮೂರು ಗುಂಡು. ನಾಲ್ಕರೊಳಗಿನ ಗುಂಪನ್ನು ಎಣಿಸದೆ ಒಂದೇ ನೋಟಕ್ಕೆ ಹಿಡಿಯುವ ಶಕ್ತಿ ಮಕ್ಕಳಿಗಿದೆ, ಅದನ್ನು ಬಳಸಿಕೊಳ್ಳಬೇಕು. ಎಣಿಸಿ ತೋರಿಸುವಾಗಲೂ ಮೊದಲು ಒಟ್ಟು ಹೇಳಿ, ಆಮೇಲೆ ಎಣಿಸಿ: "ನೋಡು, ಇಲ್ಲಿ ಮೂರು ಬಾಳೆಹಣ್ಣಿದೆ. ಒಂದು, ಎರಡು, ಮೂರು." ಬರೀ ಎಣಿಸಿ ಬಿಟ್ಟರೆ "ಮೂರು" ಎಂಬುದು ಕೊನೆಯ ಹಣ್ಣಿನ ಹೆಸರಾಗಿ ಉಳಿದುಬಿಡುತ್ತದೆ.

ಎಣಿಸುವಾಗ ಕೈ ಮತ್ತು ಬಾಯಿ ಜೊತೆ ತಪ್ಪುವುದು ಬೇರೆ ತೊಂದರೆ. ಚೆಲ್ಲಾಪಿಲ್ಲಿ ಬಿದ್ದ ಕಾಳನ್ನು ಎಣಿಸಲು ಕೊಟ್ಟರೆ ಒಂದನ್ನು ಬಿಟ್ಟು ಇನ್ನೊಂದನ್ನು ಎರಡು ಸಲ ಮುಟ್ಟುತ್ತದೆ. ಮೊದಲು ಸಾಲಾಗಿ ಇಡಿ. ಆಮೇಲೆ ಎಣಿಸಿದ್ದನ್ನು ಪಕ್ಕಕ್ಕೆ ಸರಿಸಲು, ತೆಂಗಿನ ಚಿಪ್ಪಿಗೆ ಟಣ್ ಎಂದು ಹಾಕಲು ಹೇಳಿ. ಸದ್ದು ಒಂದು, ಪದ ಒಂದು. ಬರೀ ಬೆರಳು ತೋರಿಸಿ ಎಣಿಸುವುದು ಕೊನೆಗೆ ಬರಬೇಕಾದ ಹಂತ. ಶಾಲೆಗಳಲ್ಲಿ ಗೋಡೆಯ ಚಿತ್ರ ತೋರಿಸಿ ಅದರಿಂದಲೇ ಶುರು ಮಾಡುತ್ತೇವೆ.

ಕನ್ನಡ ಕೊಡುವ ನೆರವು, ಒಡ್ಡುವ ತೊಡಕು

ಇನ್ನೊಂದು ತಪ್ಪು ನಮ್ಮ ನುಡಿಯಿಂದಲೇ ಹುಟ್ಟುತ್ತದೆ. ಎರಡ್ಮೂರು, ಮೂರ್ನಾಲ್ಕು, ಐದಾರು, ಏಳೆಂಟು ಎಂದು ಅಂದಾಜಿಗೆ ಜೋಡಿಸಿ ಆಡುವ ಪದಗಳನ್ನು ಮಗು ದಿನವೂ ಕೇಳುತ್ತದೆ. ರಾಗಬದ್ಧವಾಗಿ ಒಪ್ಪಿಸುವಾಗಲೂ ಎರಡೆರಡು ಸಂಖ್ಯೆ ಅಂಟಿಕೊಂಡೇ ಬರುತ್ತವೆ. ಹೀಗಾಗಿ ಎಣಿಸುವಾಗ "ಐದಾರು" ಎಂದು ಒಂದೇ ಬೀಜ ಸರಿಸುತ್ತದೆ. ಗಮನಿಸದವರಿಗೆ ಇದು ಅವಸರದಂತೆ ಕಾಣುತ್ತದೆ. ಮಗುವಿಗೆ ಮಾತ್ರ ಅದು ನಿಜಕ್ಕೂ ಒಂದು ಪದ. ಮೆಟ್ಟಿಲು ಹತ್ತುತ್ತಾ ಮೆಟ್ಟಿಲಿಗೊಂದು ಪದ ಹೇಳಿಸುವುದು ಇದಕ್ಕೆ ಒಳ್ಳೆಯ ಮದ್ದು, ಕಾಲು ಎರಡು ಮೆಟ್ಟಿಲನ್ನು ಒಟ್ಟಿಗೆ ಏರಲಾರದು.

ರಾಗಿ ಅಳೆಯುವ ಅಜ್ಜ ಮೊದಲ ಸೇರಿಗೆ "ಲಾಭ" ಎಂದು, ಎರಡನೆಯದಕ್ಕೆ "ಎರಡು" ಎನ್ನುವುದನ್ನು ಕೇಳಿ ಬೆಳೆದ ಮಗುವೂ ಇದೆ. ಅದರಿಂದ ಏನೂ ಕೆಡುವುದಿಲ್ಲ. ಪದ ಯಾವುದಾದರೇನು, ಕ್ರಮ ಒಂದೇ ಇದ್ದರೆ ಸಾಕು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಿಕ್ಕಿಲ್ಲ. ಜನರನ್ನು ಎಣಿಸುವಾಗ ಒಬ್ಬ, ಇಬ್ಬರು, ಮೂವರು ಎಂದು ಪದವೇ ಬದಲಾಗುವುದು ಮಾತ್ರ ಸ್ವಲ್ಪ ಗೊಂದಲದ್ದು. ಶುರುವಿನಲ್ಲಿ "ಇಬ್ಬರು, ಅಂದ್ರೆ ಎರಡು ಜನ" ಎಂದು ಜೊತೆಗೇ ಹೇಳಿದರಾಯಿತು.

ಹತ್ತು ದಾಟಿದ ಮೇಲೆ ಕನ್ನಡ ನಿಜವಾದ ನೆರವು ಕೊಡುತ್ತದೆ. ಹದಿಮೂರು ಎನ್ನುವಾಗ ಹತ್ತು ಮೊದಲು, ಮೂರು ಆಮೇಲೆ. 13 ಎಂದು ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಕೇಳಿಸುತ್ತದೆ, ಮಕ್ಕಳು 31 ಎಂದು ಬರೆಯುತ್ತಾರೆ; ಥರ್ಟೀನ್–ಥರ್ಟಿ ಗೊಂದಲ ಬೇರೆ. ಹಿಂದಿಯ ಉನ್ನೀಸ್ ಇಪ್ಪತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದಿಂದ ಬಂದದ್ದು, ನಮ್ಮ ಹತ್ತೊಂಬತ್ತು ಮಾತ್ರ ನೇರವಾಗಿ ಹತ್ತು ಮತ್ತು ಒಂಬತ್ತು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಿಗೆ ಹೊರರಾಜ್ಯಗಳಿಂದ ಕೆಲಸಕ್ಕೆ ಬಂದವರ ಮಕ್ಕಳು ತರಗತಿಯಲ್ಲಿದ್ದರೆ ಈ ವ್ಯತ್ಯಾಸ ಶಿಕ್ಷಕರಿಗೆ ಗೊತ್ತಿರಬೇಕು. ಆ ಮಗುವಿಗೆ ಲೆಕ್ಕ ಬರುವುದಿಲ್ಲ ಎನ್ನುವ ಮೊದಲು ಅದರ ಮನೆಮಾತಿನಲ್ಲಿ ಐದು ಕೊಡಲು ಹೇಳಿ ನೋಡಬೇಕು. ಐದು ಕೊಟ್ಟರೆ ಕಲಿಸಬೇಕಾದದ್ದು ಬರೀ ಪದ, ಸಂಖ್ಯೆ ಅಲ್ಲ.

ಯುಕೆಜಿಯಲ್ಲಿ ಇಂಗ್ಲಿಷ್ ಪದಗಳಲ್ಲಿ ಮಾತ್ರ ಎಣಿಸಲು ಕಲಿಸಿ, ಕನ್ನಡದ ಹದಿನಾರು, ಹದಿನೇಳನ್ನು ಆಮೇಲೆ ಅನುವಾದವಾಗಿ ಹೇಳಿಕೊಡುವುದು ಕೈಗೆ ಬಂದ ಅನುಕೂಲವನ್ನು ಬಿಟ್ಟುಕೊಟ್ಟಂತೆ. ಇಂಗ್ಲಿಷ್ ಬೇಡವೆಂದಲ್ಲ, ಮೊದಲು ಯಾವುದು ಎಂಬುದಷ್ಟೇ ಮಾತು.

ತೊಡಕೂ ಇದೆ. ಇಪ್ಪತ್ತು, ಐವತ್ತು, ಎಂಬತ್ತು, ತೊಂಬತ್ತು ಎಲ್ಲವೂ ಹಳಗನ್ನಡದ "ಪತ್ತು" ಎಂಬ ಬಾಲ ಹೊತ್ತಿವೆ. ಒಂಬತ್ತಿಗೂ ಅದೇ ಬಾಲ! ಕಿವಿಗೆ ಒಂಬತ್ತು ಬಿಡಿಯಂತೆ ಕೇಳಿಸುವುದಿಲ್ಲ, ಎಂಬತ್ತರ ತಮ್ಮನಂತೆ ಕೇಳಿಸುತ್ತದೆ. ಆದ್ದರಿಂದಲೇ "ಎಂಟಾದ ಮೇಲೆ?" ಎಂದರೆ ಒಂಬತ್ತು ಎನ್ನುವ ಮಗು "ಎಂಬತ್ತು ದೊಡ್ಡದೋ ಒಂಬತ್ತು ದೊಡ್ಡದೋ?" ಎಂದರೆ ತಬ್ಬಿಬ್ಬಾಗುತ್ತದೆ. ಹನ್ನೊಂದು, ಹನ್ನೆರಡರ "ಹನ್", ಹದಿಮೂರರ "ಹದಿ" ಹತ್ತೇ ಎಂಬುದೂ ತಾನಾಗಿ ಹೊಳೆಯುವುದಿಲ್ಲ. ಕೆಲವು ವಾರ "ಹತ್ತು, ಮೂರು: ಹದಿಮೂರು" ಎಂದು ಎರಡನ್ನೂ ಜೊತೆಗೆ ಹೇಳಿಸಬೇಕು, ಎದುರಿಗೆ ಹತ್ತು ಕಡ್ಡಿಯ ಒಂದು ಕಟ್ಟು ಮತ್ತು ಮೂರು ಬಿಡಿ ಕಡ್ಡಿ ಇಟ್ಟುಕೊಂಡು.

ಹೆಚ್ಚು ಎಂದರೆ ಯಾವುದು ಹೆಚ್ಚು?

ಹೋಲಿಕೆಯನ್ನು ನಾವು ಅಂಕಿ ಬರೆಯಲು ಕಲಿಸಿದ ಮೇಲೆ ಕಲಿಸುತ್ತೇವೆ: 5 ಮತ್ತು 8 ಬರೆದು "ದೊಡ್ಡ ಸಂಖ್ಯೆಗೆ ಸುತ್ತು ಹಾಕಿ". ಇದು ತಲೆಕೆಳಗು. ಎಣಿಸಲು ಬಾರದ ಮಗುವೂ ಹೋಲಿಸಬಲ್ಲದು, ಜೋಡಿ ಹಚ್ಚಿದರೆ ಸಾಕು. ಹೆಚ್ಚಿನ ಭಾಗ ಎಡವಟ್ಟಾಗುವುದೂ ಈ ಹಂತವನ್ನು ಹಾರಿದ್ದರಿಂದ.

"ದೊಡ್ಡದು" ಎಂಬ ಪದದಿಂದಲೇ ತೊಂದರೆ ಶುರು. 3 ಎಂದು ದಪ್ಪಗೆ, 7 ಎಂದು ಸಣ್ಣಗೆ ಬರೆದು ಕೇಳಿ ನೋಡಿ. ಎಷ್ಟೋ ಮಕ್ಕಳು 3ನ್ನು ತೋರಿಸುತ್ತಾರೆ. ಅವರು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ್ದಾರೆ. ಇನ್ನು "ಎಷ್ಟು" ಎಂಬುದು ಕನ್ನಡದಲ್ಲಿ ಎಣಿಕೆಗೂ ಸಲ್ಲುತ್ತದೆ, ಅಳತೆಗೂ ಸಲ್ಲುತ್ತದೆ: ಎಷ್ಟು ಮೊಟ್ಟೆ, ಎಷ್ಟು ಹಾಲು. ಹಾಸನದ ಸೀಮೆಯ ಮಗುವಿನ ಮುಂದೆ ಐದು ಆಲೂಗಡ್ಡೆಯ ರಾಶಿ ಮತ್ತು ಎಂಟು ಅವರೆಕಾಳಿನ ರಾಶಿ ಇಟ್ಟು "ಯಾವುದು ಜಾಸ್ತಿ?" ಎಂದರೆ ಆಲೂಗಡ್ಡೆ ಎನ್ನುತ್ತದೆ. ಅಡುಗೆಮನೆಯ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ! ಆದ್ದರಿಂದ ಮೊದಮೊದಲು ಒಂದೇ ಜಾತಿಯ, ಒಂದೇ ಗಾತ್ರದ ವಸ್ತುಗಳನ್ನೇ ಹೋಲಿಸಲು ಕೊಡಬೇಕು. ಅದು ಪಳಗಿದ ಮೇಲೆ ಬೇಕೆಂದೇ ಆಲೂಗಡ್ಡೆ–ಅವರೆಯ ಬಲೆ ಒಡ್ಡಬೇಕು. ಬಲೆಗೆ ಬಿದ್ದರೆ ವಾದ ಬೇಡ. ಒಂದು ಆಲೂಗಡ್ಡೆಯ ಎದುರು ಒಂದು ಕಾಳು ಇಡಿಸುತ್ತಾ ಹೋಗಿ. ಕೊನೆಗೆ ಮೂರು ಕಾಳು ಜೊತೆಯಿಲ್ಲದೆ ಉಳಿಯುತ್ತವೆ.

ಸಾಲಿನ ಉದ್ದವೂ ಹೀಗೆಯೇ ಮೋಸ ಮಾಡುತ್ತದೆ. ಆರು ಬೀಜಗಳ ಎರಡು ಸಾಲನ್ನು ಸಮವಾಗಿ ಇಟ್ಟು, ಮಗು "ಎರಡೂ ಒಂದೇ" ಎಂದ ಮೇಲೆ ಅದರ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿದರೆ, ಐದು ವರ್ಷದ ಅನೇಕ ಮಕ್ಕಳು ಅಗಲವಾದದ್ದೇ ಹೆಚ್ಚು ಎನ್ನುತ್ತಾರೆ. ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟ ಪ್ರಸಿದ್ಧ ಪ್ರಯೋಗ ಇದು. ಗದರಿ ತಿದ್ದುವ ವಿಷಯ ಇದಲ್ಲ, ಪಳಗಿದಂತೆ ತಾನೇ ಸರಿಹೋಗುತ್ತದೆ.

ವಾಕ್ಯದ ರಚನೆಯ ಬಗ್ಗೆಯೂ ಒಂದು ಮಾತು. "ಐದಕ್ಕಿಂತ ಏಳು ಹೆಚ್ಚು", "ಏಳು ಐದಕ್ಕಿಂತ ಹೆಚ್ಚು" ಎರಡೂ ಸರಿ. ಅರ್ಥವೆಲ್ಲ "ಕ್ಕಿಂತ"ದ ಮೇಲೆ ನಿಂತಿದೆ. ಎಳೆಯ ಕಿವಿ ಆ ಬಾಲವನ್ನು ಬಿಟ್ಟು, ಮೊದಲು ಕೇಳಿದ ಸಂಖ್ಯೆಯನ್ನೇ ಹೆಚ್ಚೆಂದು ಹಿಡಿಯುತ್ತದೆ. ಒಂದು ತಿಂಗಳು ಒಂದೇ ಕ್ರಮದಲ್ಲಿ ಹೇಳಿ, ಆಮೇಲೆ ತಿರುಗಿಸಿ. ಮಲೆನಾಡಾಗಲಿ ಬಯಲಾಗಲಿ, ಮನೆಯಲ್ಲಿ ಮಗು ಕೇಳುವುದು ಜಾಸ್ತಿ–ಕಮ್ಮಿ. ಪುಸ್ತಕದ "ಅಧಿಕ" ಎರಡನೇ ತರಗತಿಯವರೆಗೆ ಕಾಯಬಹುದು. "ಹೆಚ್ಚುಕಡಿಮೆ" ಎಂದರೆ ನಮ್ಮ ಮಾತಿನಲ್ಲಿ "ಸುಮಾರು" ಎಂದು, "ಏನಾದರೂ ಹೆಚ್ಚುಕಡಿಮೆಯಾದರೆ" ಎಂದರೆ ಅನಾಹುತ ಎಂದು. ಪಾಠದ ಹೆಸರಾಗಿ ಅದನ್ನು ಕೇಳಿದ ಮಗು ಏನೆಂದುಕೊಳ್ಳುತ್ತದೋ!

"ಯಾವುದು ಹೆಚ್ಚು" ಬಂದ ತಕ್ಷಣ "ಎಷ್ಟು ಹೆಚ್ಚು" ಬರುತ್ತದೆಂದು ತಿಳಿಯಬಾರದು. ಏಳು ಮಕ್ಕಳು, ಐದು ಬಾಳೆಹಣ್ಣು, "ಹಣ್ಣಿಗಿಂತ ಮಕ್ಕಳು ಎಷ್ಟು ಹೆಚ್ಚು?" ಎಂದರೆ "ಏಳು" ಎಂಬ ಉತ್ತರ ಗ್ಯಾರಂಟಿ ಎನ್ನಬಹುದು. ಅದನ್ನೇ "ಎಷ್ಟು ಮಕ್ಕಳಿಗೆ ಹಣ್ಣು ಸಿಗಲ್ಲ?" ಎಂದು ಕೇಳಿದರೆ ಅದೇ ಮಗು "ಎರಡು" ಎನ್ನುತ್ತದೆ. 1983ರಲ್ಲಿ ಟಾಮ್ ಹಡ್ಸನ್ ಎಂಬ ಸಂಶೋಧಕರು ಹಕ್ಕಿಗಳು ಮತ್ತು ಹುಳುಗಳ ಚಿತ್ರ ಇಟ್ಟುಕೊಂಡು ಇದನ್ನೇ ಕಂಡರು: ಲೆಕ್ಕ ಬದಲಾಗಿಲ್ಲ, ಪ್ರಶ್ನೆಯ ಮಾತು ಬದಲಾದರೆ ಉತ್ತರ ಬದಲಾಗುತ್ತದೆ. ಬಿಸಿಯೂಟದ ಹೊತ್ತಿಗೆ ತಟ್ಟೆ ಹಂಚುವ ಕೆಲಸವನ್ನು ಒಂದನೇ ತರಗತಿಯವರಿಗೆ ಕೊಟ್ಟರೆ ಈ ಪ್ರಶ್ನೆ ದಿನವೂ ತಾನಾಗಿ ಹುಟ್ಟುತ್ತದೆ. "ಇನ್ನೂ ಎಷ್ಟು ತಟ್ಟೆ ಬೇಕು?" ಎಂದು ಒಮ್ಮೆ ಕೇಳಿ, ತಂದದ್ದು ಸಾಲದಿದ್ದರೆ ಮತ್ತೆ ಕಳಿಸಿ. ಹಸಿದವರ ಮುಂದೆ ತಪ್ಪು ಲೆಕ್ಕ ನಿಲ್ಲುವುದಿಲ್ಲ.

ಈಗ ಸಾಮಾನಿನ ಮಾತು. ಮೊಟ್ಟೆ ಬರುವ ಶಾಲೆಯಲ್ಲಿ ಅದರ ಟ್ರೇ ರಾಶಿ ಬೀಳುತ್ತದೆ. ಅದರಲ್ಲಿ 30 ಗುಳಿ, 5ರ 6 ಸಾಲು. ಎರಡೆರಡು ಸಾಲಿಗೆ ಕತ್ತರಿಸಿದರೆ 10 ಗುಳಿಯ ಮೂರು ಚೌಕಟ್ಟು ಸಿಗುತ್ತವೆ. ಒಡೆದ ಮೊಟ್ಟೆ ಅಂಟಿದ್ದು ಬೇಡ. ಶುಚಿಯಾದದ್ದನ್ನೇ ಆರಿಸಿ ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಎಡದಿಂದ ಬಲಕ್ಕೆ ಮೇಲಿನ ಸಾಲಿನ ಐದು ತುಂಬಿದ ಮೇಲೆಯೇ ಕೆಳಸಾಲು ಎಂಬ ಒಂದೇ ನಿಯಮ. ಏಳು ಬೀಜ ಹಾಕಿದರೆ ಐದರ ಮೇಲೆ ಎರಡು, ಹತ್ತಕ್ಕೆ ಮೂರು ಕಡಿಮೆ, ಎರಡೂ ಒಂದೇ ನೋಟಕ್ಕೆ ಕಾಣುತ್ತವೆ. ಪಕ್ಕದಲ್ಲಿ ಇನ್ನೊಂದು ಚೌಕಟ್ಟಿನಲ್ಲಿ ಒಂಬತ್ತು ಹಾಕಿದರೆ ಹೋಲಿಕೆಗೆ ಎಣಿಸುವುದೇ ಬೇಕಿಲ್ಲ. ಮಗು ತನಗಿಷ್ಟ ಬಂದ ಗುಳಿಗೆ ಹಾಕಲು ಬಿಟ್ಟರೆ ಈ ಲಾಭ ಪೂರ್ತಿ ಹೋಗುತ್ತದೆ.

ಗುಳಿಗೆ ಹಾಕಲು ಹುಣಸೆ ಬೀಜ, ಒಣಗಿದ ಕಾಫಿ ಹಣ್ಣು ಎರಡೂ ಸರಿ, ಐದು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರು ಮೂಗಿಗೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ಬಾಟಲಿಯ ಮುಚ್ಚಳವೇ ಲೇಸು, ಅದೂ ದೊಡ್ಡ ಬಾಯಿಯ ಡಬ್ಬಿಯದು. ಗುಲಗಂಜಿ ಎಷ್ಟೇ ಚೆಂದವಿದ್ದರೂ ಬೇಡ, ಅದರ ಬೀಜ ವಿಷ. ಸುಲಿದ ಅಡಿಕೆಯೂ ಬೇಡ, ಏಕೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಬೆರಳು ಎಂದೂ ಕೈಬಿಡದ ಸಾಮಾನು, ಆದರೆ ಅಜ್ಜಿ ಎಣಿಸುವಂತೆ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸುವ ಕ್ರಮ ಸಣ್ಣವರಿಗೆ ಹೊಂದದು. ಒಂದು ಕೈಯಲ್ಲಿ ಹನ್ನೆರಡೋ ಹದಿನಾರೋ ಎಣಿಸಬಹುದು ನಿಜ, ಐದು–ಹತ್ತರ ಆಕಾರ ಮಾತ್ರ ಅದರಲ್ಲಿ ಕಾಣುವುದಿಲ್ಲ. ಇಡೀ ಬೆರಳು ಎತ್ತಿಸುವುದೇ ವಾಸಿ.

ಆಟದಲ್ಲಿ ಅಳಗುಳಿಮನೆ ಮೊದಲು. ಎರಡು ಸಾಲಿನ 14 ಗುಳಿಗೆ ಒಂದೊಂದೇ ಕಾಳು ಬಿತ್ತುತ್ತಾ ಹೋಗುವಾಗ ಕೈ ತಾನಾಗಿ ಒಂದಕ್ಕೊಂದು ಎಂಬ ಲಯಕ್ಕೆ ಬೀಳುತ್ತದೆ. ಚೌಕಾಬಾರದಲ್ಲಿ ಮಗು ಮೇಲ್ಮುಖವಾದ ಕವಡೆಗಳನ್ನು ಎಣಿಸದೆ ನೋಡಿ ಹೇಳಲು ಕಲಿಯುತ್ತದೆ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರಾಯಿತು. ಕಾಯಿ ನಡೆಸುವಾಗಿನ ಎಂದಿನ ತಪ್ಪು ನಿಂತ ಮನೆಯನ್ನೇ "ಒಂದು" ಎಂದು ಎಣಿಸುವುದು. ಹಾರಿದ್ದನ್ನು ಎಣಿಸು, ನಿಂತದ್ದನ್ನಲ್ಲ ಎಂದು ಪ್ರತಿ ಸಲ ನೆನಪಿಸಬೇಕು. ಸಂಖ್ಯಾರೇಖೆಯ ಮೇಲೆ ಕೂಡುವಾಗ ಮತ್ತೆ ಇದೇ ತಪ್ಪು ತಲೆಯೆತ್ತುತ್ತದೆ.

ಹೋಲಿಕೆಗೆ ಮಾತ್ರ ಇವೆರಡಕ್ಕಿಂತ ನೇರ ಸಾಲಿನ ಆಟ ಮೇಲು. ಸುಣ್ಣದ ಕಡ್ಡಿಯಲ್ಲಿ ಜಗಲಿಯ ಮೇಲೆ ಎಡದಿಂದ ಬಲಕ್ಕೆ ಹತ್ತು ಸಮ ಮನೆ ಎಳೆದು 1ರಿಂದ 10 ಬರೆದರೆ ಸಾಕು. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬದ ಶಾಲಾಪೂರ್ವ ಮಕ್ಕಳು ಇಂಥ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ 15 ನಿಮಿಷ ಆಡಿದ್ದಕ್ಕೇ ಸಂಖ್ಯೆಗಳ ಹೆಚ್ಚು–ಕಡಿಮೆಯ ಅಂದಾಜು ಗಮನಾರ್ಹವಾಗಿ ಸುಧಾರಿಸಿತು. ಅಂಕಿಯ ಬದಲು ಬರೀ ಬಣ್ಣವಿದ್ದ ಮಣೆಯಲ್ಲಿ ಆಡಿದವರಿಗೆ ಆ ಫಲ ಸಿಗಲಿಲ್ಲ. ಒಂದು ಷರತ್ತು: 4ರಲ್ಲಿರುವ ಕಾಯಿಗೆ ಎರಡು ಬಿದ್ದರೆ ಮಗು "ಒಂದು, ಎರಡು" ಎನ್ನದೆ "ಐದು, ಆರು" ಎಂದು ಮನೆಯ ಹೆಸರು ಹೇಳುತ್ತಾ ನಡೆಸಬೇಕು. ಹಾವು ಏಣಿ ಆಟ ಈ ಕೆಲಸಕ್ಕೆ ಬಾರದು. ಸಾಲು ಬದಲಾದಾಗಲೆಲ್ಲ ದಿಕ್ಕು ತಿರುಗುವುದರಿಂದ 5 ವರ್ಷದ ಮಗುವಿಗೆ 11 ಎಲ್ಲಿದೆ ಎಂದೇ ತಿಳಿಯದು.

ಎರಡಂಕಿಗೆ ಬಂದಾಗ 19 ಮತ್ತು 21ರಲ್ಲಿ 19 ದೊಡ್ಡದು ಎನ್ನುವವರು ಸಿಗುತ್ತಾರೆ, 9 ಕಣ್ಣಿಗೆ ಹೊಡೆಯುತ್ತದಲ್ಲ! ಇಪ್ಪತ್ತಮೂರನ್ನು 203 ಎಂದು ಬರೆಯುವವರೂ ಸಿಗುತ್ತಾರೆ: ಇಪ್ಪತ್ತು ಬರೆದರು, ಮೂರು ಬರೆದರು. ಎರಡಕ್ಕೂ ಮೂಲ ಕಾಪಿ ಬರೆಸುವ ಪದ್ಧತಿ. 20ರಿಂದ 29 ಬರೆಯಲು ಹೇಳಿದ ಮಗುವನ್ನು ಗಮನಿಸಿ, ಮೊದಲು ಹತ್ತು ಸಲ 2ನ್ನು ಕೆಳಗೆ ಕೆಳಗೆ ಬರೆದು, ಆಮೇಲೆ ಪಕ್ಕದಲ್ಲಿ 0ಯಿಂದ 9 ಇಳಿಸುತ್ತದೆ. ಪುಟ ತುಂಬಿತು, ಸಹಿ ಬಿತ್ತು, ಒಂದೂ ಸಂಖ್ಯೆ ತಲೆಗೆ ಹೋಗಲಿಲ್ಲ. ಇದರ ಬದಲು ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿ, ಚೂಪು ತುದಿ ತೆಗೆದು, ಮಕ್ಕಳಿಂದಲೇ ಹತ್ತರ ಕಟ್ಟು ಕಟ್ಟಿಸಿ. ಹನ್ನೊಂದು ಕಡ್ಡಿಯ ಕಟ್ಟು, ಒಂಬತ್ತರ ಕಟ್ಟು ಬಂದೇ ಬರುತ್ತವೆ. ಅದಲುಬದಲು ಮಾಡಿಕೊಂಡು ಪರಸ್ಪರ ಪರೀಕ್ಷಿಸಲು ಬಿಡಿ. ಶಿಕ್ಷಕರೇ ಕಟ್ಟಿ ಕೊಟ್ಟ ಕಟ್ಟಿನಲ್ಲಿ ಹತ್ತಿದೆ ಎಂದು ಮಗು ನಂಬುತ್ತದೆ, ತಿಳಿಯುವುದಿಲ್ಲ. ಎರಡು ಕಟ್ಟು ಒಂದು ಬಿಡಿಯ ಪಕ್ಕ ಒಂದು ಕಟ್ಟು ಒಂಬತ್ತು ಬಿಡಿ ಇಟ್ಟ ಮೇಲೆ 21–19ರ ಜಗಳ ಹೆಚ್ಚು ದಿನ ಉಳಿಯದು. ಮೊಸಳೆ ಬಾಯಿ ಎಂದು ಕಲಿಸುವ ಹೋಲಿಕೆಯ ಚಿಹ್ನೆಗೆ ಅವಸರವೇ ಇಲ್ಲ. ಸಂಖ್ಯೆ ಗೊತ್ತಿದ್ದವರಿಗೆ ಅದು ಎರಡು ದಿನದ ಕೆಲಸ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ತಮ್ಮದೇ ಒಂದು ಅಡ್ಡಿಯಿದೆ, ಅದು ಮಳೆ. ಒಂದನೇ ತರಗತಿಗೆ ಸೇರಿದ ಮಕ್ಕಳಿಗಾಗಿ ರೂಪಿಸಿದ ವಿದ್ಯಾಪ್ರವೇಶ ಎಂಬ ತಯಾರಿ ಕಾರ್ಯಕ್ರಮ ಮೂರು ತಿಂಗಳದ್ದು. ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರದಲ್ಲಿ ಜುಲೈ–ಆಗಸ್ಟ್ ಎಂದರೆ ಮಳೆ ರಜೆಯ ಕಾಲ. ರಜೆಯನ್ನು ಆಮೇಲೆ ಶನಿವಾರ, ಭಾನುವಾರ ತುಂಬಿಕೊಳ್ಳಬಹುದು, ಮಗುವಿನ ಲಯ ತಪ್ಪಿದ್ದನ್ನು ಹಾಗೆ ತುಂಬಲಾಗದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯ ಕಲಿಕಾ ಏಣಿಗೆ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳ ಸಾಲಿಗೆ, ಇಲ್ಲೊಂದು ಗುಣವಿದೆ: ರಜೆ ಮುಗಿಸಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹಿಡಿಯಬಹುದು. ಆದರೆ ಆ ಮೆಟ್ಟಿಲು ದಾಟಿದೆ ಎಂದು ಗುರುತು ಹಾಕುವಾಗ ನೋಡಿದ್ದು ಬಾಯಿಯನ್ನೋ ಕೈಯನ್ನೋ ಎಂಬುದು ಶಿಕ್ಷಕರಿಗೆ ಬಿಟ್ಟದ್ದು.

ಮೂರು ನಿಮಿಷದಲ್ಲಿ ನೋಡಬಹುದಾದದ್ದು ಇಷ್ಟು. ಹದಿನೈದು ಬೀಜದಿಂದ ಏಳು ಕೊಡು. ಕೊಟ್ಟದ್ದನ್ನು ಮುಷ್ಟಿಯಲ್ಲಿ ಮುಚ್ಚಿ, ಎಷ್ಟಿದೆ? ಬೀಜ ತೋರಿಸದೆ: ಆರು ಜಾಸ್ತಿಯೋ ಒಂಬತ್ತು ಜಾಸ್ತಿಯೋ? ಏಳು ಕೊಟ್ಟು, ಮುಷ್ಟಿ ಬಿಚ್ಚದೆ ಏಳು ಎಂದು, ಮೂರನೆಯದಕ್ಕೆ ತಡವರಿಸಿದರೆ ಆ ಮಗುವಿಗೆ ಬೇಕಿರುವುದು ಜಗಲಿಯ ಹತ್ತು ಮನೆ. ಮುಷ್ಟಿಯಲ್ಲೇ ತಪ್ಪಿದರೆ ಅಂಕಿ ಬರೆಸುವುದನ್ನು ನಿಲ್ಲಿಸಿ ಚಿಪ್ಪು ಮತ್ತು ಬೀಜಕ್ಕೆ ಮರಳಬೇಕು, ಅದು ನೂರು ಹೇಳಲಿ, ಇನ್ನೂರು ಹೇಳಲಿ. ಮಳೆ ರಜೆಗೆ ಮೊದಲು ಮೊಟ್ಟೆ ಟ್ರೇಯ ಎರಡು ತುಂಡು, 20 ಬೀಜ ಒಂದು ಚೀಲದಲ್ಲಿ ಮನೆಗೆ ಕಳಿಸಿದರೆ ಖರ್ಚೇನೂ ಇಲ್ಲ. ರಜೆ ಮುಗಿದ ದಿನ ಚೀಲ ಬಿಚ್ಚಿ ಟ್ರೇಗೆ ತುಂಬಿಸಿ. ಎಷ್ಟು ಗುಳಿ ಖಾಲಿ ಉಳಿದವು ಎಂದು ಮಗುವೇ ಹೇಳಲಿ.